ಸತ್ತವರ ಬಗ್ಗೆ ಬರೆಯಲು ಪರವಾನಗಿ

ಅಂಪೊನ್ಸಾಸೊ ಊರಿನಲ್ಲಿ ಸತ್ತವರೆಲ್ಲ ಒಳ್ಳೆಯವರೇ ಆಗಿದ್ದರೆ ಅದರ ಪುಣ್ಯ ಅಮಾ ಬಿರಾಗೊಳದ್ದು. ಕುಡಿದು ಕುಡಿದು ಕರುಳು ಸುಟ್ಟುಕೊಂಡವನು ಅವಳ ಕೈಯಲ್ಲಿ ಸ್ನೇಹಜೀವಿಯಾಗುತ್ತಿದ್ದ. ಮೂರು ಮನೆ ಮಾಡಿ ಮೂರರಲ್ಲೂ ಮಕ್ಕಳ ಫೀಸು ಕಟ್ಟದವನು ತುಂಬು ಕುಟುಂಬದ ಯಜಮಾನನಾಗುತ್ತಿದ್ದ. ನಾಲಿಗೆಯಿಂದಲೇ ಇಡೀ ಬೀದಿಯನ್ನು ಹೊತ್ತಿಸಿದ ಮುದುಕಿ ನೇರ ನಡೆನುಡಿಯ ತಾಯಿ. ಶನಿವಾರದ ಶವಸಂಸ್ಕಾರಕ್ಕೆ ಕಪ್ಪು ಕೆಂಪು ಉಟ್ಟು ಬಂದವರು ಸೆಕೆ ತಾಳಲಾರದೆ ಬೀಸಣಿಗೆಯಂತೆ ಬೀಸಿಕೊಳ್ಳುವ ಬಣ್ಣದ ಪುಸ್ತಿಕೆ ಇದೆಯಲ್ಲ, ಅದರೊಳಗಿನ ಜೀವನಚರಿತ್ರೆ, ಹೆಂಡತಿಯ ನುಡಿನಮನ, ಮಕ್ಕಳ ನುಡಿನಮನ, ಅಜ್ಜನ ಮುಖವನ್ನೇ ಕಾಣದ ಮೊಮ್ಮಕ್ಕಳ ನುಡಿನಮನ, ಎಲ್ಲವನ್ನೂ ಬರೆಯುವವಳು ಅವಳೇ.

ವಯಸ್ಸು ಐವತ್ತೆಂಟು. ಮಿಷನ್ನಿನ ಅಚ್ಚುಕೂಟದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದವಳು. ಅಚ್ಚುಕೂಟ ಮುಚ್ಚಿದ ದಿನ ಪಾದ್ರಿಗಳು ಪ್ರಾರ್ಥನೆ ಮಾಡಿ, ಕೈಕುಲುಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರದ ಮೇಲೆ ಅವಳ ಹೆಸರನ್ನೇ ತಪ್ಪಾಗಿ ಬರೆಸಿದ್ದರು. ಆ ವಾರವೇ ಅದನ್ನು ಪೇಟೆಯಲ್ಲಿ ಮಾರಿ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯಲ್ಲಿ ಹಾಕಿದಳು. ಒಂದು ತನಗೆ, ಒಂದು ಅಳುವವರಿಗೆ.

ಅಳುವವರ ಬಗ್ಗೆ ಅವಳಿಗೆ ದೊಡ್ಡ ಮರುಕವೇನೂ ಇರಲಿಲ್ಲ.

"ನಮ್ಮಪ್ಪ ತುಂಬಾ ಒಳ್ಳೆಯವರು, ಆಂಟಿ," ಎಂದು ಬಂದವರು ಮೂಗು ಒರೆಸಿಕೊಳ್ಳುತ್ತಿದ್ದರು.

"ಅದು ಗೊತ್ತಿರೋದೇ. ಸತ್ತ ಮೇಲೆ ಎಲ್ರೂ ಒಳ್ಳೆಯವರೇ. ಹುಟ್ಟಿದ ವರ್ಷ ಹೇಳಿ, ಏನು ಕೆಲಸ ಮಾಡ್ತಿದ್ರು ಹೇಳಿ. ಅವರ ಅಮ್ಮನ ಹೆಸರು ಸರಿಯಾಗಿ ಬರೆದುಕೊಡಿ."

ಅಮ್ಮನ ಹೆಸರು ಸರಿಯಾಗಿ ಗೊತ್ತಿರುವ ಮಕ್ಕಳು ಹತ್ತಕ್ಕೆ ಮೂವರು. ಉಳಿದವರು ಯಾರಿಗೋ ಫೋನ್ ಮಾಡಿ ಕೇಳುತ್ತಿದ್ದರು. ಅಷ್ಟು ಹೊತ್ತೂ ಬಿರಾಗೊ ಅವರನ್ನು ದಿಟ್ಟಿಸಿ ನೋಡುತ್ತಿದ್ದಳು. ಆ ನೋಟ ತಪ್ಪಿಸಿಕೊಳ್ಳುವುದಕ್ಕಾಗಿಯೇ ಕೆಲವರು ಎದ್ದು ಗೇಟಿನ ಹತ್ತಿರ ಹೋಗಿ ಮಾತಾಡುತ್ತಿದ್ದರು.

ಹೀಗೆ ಎಂಟು ವರ್ಷ ನಡೆಯಿತು. ಪರವಾನಗಿ ಎಂಬ ಮಾತನ್ನು ಅವಳ ಹತ್ತಿರ ಯಾರೂ ಎತ್ತಿರಲಿಲ್ಲ, ಅವಳೂ ಯೋಚಿಸಿರಲಿಲ್ಲ. ಗೇಟಿನಲ್ಲಿ ಬೋರ್ಡಿಲ್ಲ, ಅಂಗಡಿಯಿಲ್ಲ. ಒಂದು ಮೇಜು, ಒಂದು ಹಳೆಯ ಲ್ಯಾಪ್‌ಟಾಪು, ಅಷ್ಟೇ. ಪಕ್ಕದ ಮನೆಯಲ್ಲಿ ಮೂರು ಹೊಲಿಗೆ ಯಂತ್ರ ಇಟ್ಟುಕೊಂಡ ಅಸಾಬೆಯಾ ಮಾತ್ರ ನಗರಸಭೆಯ ವಸೂಲಿಗಾರ ಬಂದಾಗಲೆಲ್ಲ ಒಂದಿಷ್ಟು ಸೀಡಿ ನೋಟು, ಒಂದು ತಣ್ಣನೆಯ ಬಾಟಲಿ ಕೊಟ್ಟು, ರಸೀದಿ ಇಸಿದುಕೊಂಡು, ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿ ಕಳಿಸುತ್ತಿದ್ದಳು.

ಹೀಗಿರುವಾಗ ನಿವೃತ್ತ ಶಿಕ್ಷಕರ ಸಂಘದ ಕಾರ್ಯದರ್ಶಿ ಒಂದು ದಿನ ಜಗಲಿಗೆ ಬಂದು ಕೂತ. ತೀರಿಕೊಂಡ ಸದಸ್ಯರೆಲ್ಲರ ಪುಸ್ತಿಕೆ ಇನ್ನು ಮುಂದೆ ಸಂಘದ ಖರ್ಚಿನಲ್ಲೇ ಆಗಬೇಕೆಂದು ತೀರ್ಮಾನವಾಗಿತ್ತಂತೆ.

"ತಿಂಗಳಿಗೆ ಇಬ್ಬರಂತೂ ಹೋಗೇ ಹೋಗ್ತಾರೆ, ಮೇಡಂ," ಎಂದ, ತನ್ನನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳದವನ ಉತ್ಸಾಹದಲ್ಲಿ. "ಕೆಲಸ ನಿಮಗೇ ಕೊಡ್ತೀವಿ. ಆದ್ರೆ ಆಡಿಟ್‌ನವರು ಕೇಳ್ತಾರೆ. ತೆರಿಗೆ ನಂಬರ್ ಬೇಕು, ನಗರಸಭೆ ಲೈಸೆನ್ಸ್ ಬೇಕು."

ಬಿರಾಗೊ ಮರುದಿನವೇ ಹೊರಟಳು. ತೆರಿಗೆ ಕಚೇರಿಯಲ್ಲಿ ಒಬ್ಬ ಹುಡುಗಿ ಅವಳ ಗುರುತಿನ ಚೀಟಿ ನೋಡಿ, ಅದರ ನಂಬರೇ ಇನ್ನು ತೆರಿಗೆ ನಂಬರೆಂದು ಹೇಳಿ, ವರ್ಷ ಮುಗಿದ ನಾಲ್ಕು ತಿಂಗಳೊಳಗೆ ಆದಾಯದ ವಿವರ ಕೊಡಬೇಕೆಂದು ತಿಳಿಸಿ, ಹತ್ತೇ ನಿಮಿಷದಲ್ಲಿ ಮುಗಿಸಿದಳು. ಜಗಳಕ್ಕೆಂದು ಕಟ್ಟಿಕೊಂಡು ಹೋದ ಮಾತೆಲ್ಲ ಬಾಯಲ್ಲೇ ಉಳಿಯಿತು. ಅದಕ್ಕೇನೂ ಚಿಂತೆಯಿರಲಿಲ್ಲ, ಮುಂದೆ ನಗರಸಭೆ ಇತ್ತು.

ಅಲ್ಲಿಯ ಗುಮಾಸ್ತ ದರಪಟ್ಟಿಯ ಮೇಲೆ ಬೆರಳಾಡಿಸುತ್ತ ಕೇಳಿದ, "ಏನು ವ್ಯಾಪಾರ?"

"ಸತ್ತವರ ಬಗ್ಗೆ ಬರೀತೀನಿ."

ಗುಮಾಸ್ತ ತಲೆಯೆತ್ತಿದ. "ಶವಪೆಟ್ಟಿಗೆ ಮಾಡ್ತೀರಾ?"

"ಬರೀತೀನಿ ಅಂದೆ. ಪೆನ್ನಲ್ಲಿ."

"ಹಾಗಾದ್ರೆ ಪ್ರಿಂಟಿಂಗ್ ಪ್ರೆಸ್."

"ನನ್ನ ಹತ್ರ ಪ್ರೆಸ್ ಇಲ್ಲ. ಬರೆದುಕೊಡ್ತೀನಿ, ಅವರು ಎಲ್ಲಿ ಬೇಕೋ ಅಲ್ಲಿ ಅಚ್ಚು ಹಾಕಿಸ್ಕೋತಾರೆ."

ಅವನು ಮತ್ತೆ ಪಟ್ಟಿಗೆ ಬಗ್ಗಿದ. ಕೂದಲು ಹೆಣೆಯುವವರಿಂದ ಹಿಡಿದು ಬಸವನಹುಳು ಮಾರುವವರ ತನಕ ಎಲ್ಲರೂ ಅದರಲ್ಲಿದ್ದರು. ಅವಳಿರಲಿಲ್ಲ. ಕೊನೆಗೆ ಅವನ ಮುಖ ಅರಳಿತು. "ಸಿಕ್ತು. ಅಂತ್ಯಕ್ರಿಯೆ ಸೇವೆ, ಎ ದರ್ಜೆ."

ಎ ದರ್ಜೆ ಎಂದರೆ ಶವದ ಗಾಡಿ, ಶಾಮಿಯಾನ, ಬ್ಯಾಂಡ್ ಸೆಟ್ಟು, ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಕುಣಿಯುವ ಆಳುಗಳು ಇರುವ ಕಂಪನಿ. ಅದರ ವಾರ್ಷಿಕ ಶುಲ್ಕ ಅವಳ ಎರಡು ತಿಂಗಳ ಸಂಪಾದನೆಯಷ್ಟಿತ್ತು.

"ನನ್ನ ನೋಡಿದ್ರೆ ಹೆಣದ ಗಾಡಿ ಓಡಿಸೋಳ ಥರ ಕಾಣ್ತೀನಾ?"

"ಪಟ್ಟೀಲಿ ಇರೋದು ಅಷ್ಟೇ, ಮೇಡಂ. ನಾನು ಬರೆದ ಪಟ್ಟಿ ಅಲ್ಲ," ಎಂದು ಗುಮಾಸ್ತ ಆಕಳಿಸಿದ.

ಬಿರಾಗೊ ಅರ್ಜಿ ತುಂಬಿ, ಹಣ ಕಟ್ಟದೆ ವಾಪಸ್ಸಾದಳು. ಮೂರನೆಯ ದಿನ ಅಜಾರ್ಕೊ ಬಂದ. ಅಸಾಬೆಯಾಳ ತಣ್ಣನೆಯ ಬಾಟಲಿಯ ವಸೂಲಿಗಾರ ಇವನೇ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಕಾರ್ಡು, ಯಾವ ಮನೆಗೆ ಹೋದರೂ ಅಳಿಯನಂತೆ ಕೂರುವ ಠೀವಿ.

"ಮಮ್ಮಿ, ಕೌಂಟರ್ ಹುಡುಗ ನಿಮಗೆ ಕಷ್ಟ ಕೊಟ್ನಂತೆ. ಅವನಿಗೆ ಬುದ್ಧಿ ಇಲ್ಲ. ನಿಮ್ಮಂಥ ದೊಡ್ಡವರು ಬಿಸಿಲಲ್ಲಿ ಅಷ್ಟು ದೂರ ಬರೋದಾ? ನಾನೇ ಬಂದು ತಗೊಂಡು ಹೋಗ್ತೀನಿ. ಸಿ ದರ್ಜೆಗೆ ಹಾಕಿಸ್ತೀನಿ. ಅರ್ಧಕ್ಕರ್ಧ ಕಮ್ಮಿ."

"ಸಿ ದರ್ಜೆ ಅಂದ್ರೆ ಯಾರು?"

"ಅದೆಲ್ಲ ನಿಮಗ್ಯಾಕೆ, ಮಮ್ಮಿ?"

ಅವಳಿಗೆ ಅವನನ್ನು ಕಂಡರೆ ಆಗಲಿಲ್ಲ. ಮಮ್ಮಿ ಎಂದು ಕರೆಸಿಕೊಳ್ಳಲು ತಾನು ಅವನನ್ನು ಹೆತ್ತಿಲ್ಲ ಎಂದು ಹೇಳಬೇಕೆನಿಸಿತು. ಆದರೂ ಹಣ ಕೊಟ್ಟಳು. ಅವನು ರಸೀದಿ ಹರಿದುಕೊಟ್ಟ. ಒಂದು ವಾರ ಬಿಟ್ಟು ಮುದ್ರೆ ಒತ್ತಿದ, ಅಂಚಿಗೆ ಹಸಿರು ಹೂಬಳ್ಳಿಯಿದ್ದ ಪರವಾನಗಿಯನ್ನೂ ತಂದುಕೊಟ್ಟ. ಅವಳು ಅದರ ನಕಲನ್ನು ಶಿಕ್ಷಕರ ಸಂಘಕ್ಕೆ ಕೊಟ್ಟಳು, ಮೂಲವನ್ನು ಫೈಲಿಗೆ ಹಾಕಿದಳು. ಸಂಘದ ಕೆಲಸ ಶುರುವಾಯಿತು. ಶಿಕ್ಷಕರು ಸಾಯುವುದರಲ್ಲಿ ತುಂಬ ಶಿಸ್ತಿನ ಜನ. ಕಾರ್ಯದರ್ಶಿಯ ಲೆಕ್ಕ ಒಂದು ತಿಂಗಳೂ ತಪ್ಪಲಿಲ್ಲ. ಮರುವರ್ಷವೂ ಅಜಾರ್ಕೊ ಬಂದ, ಕೂತ, ಹಣ ತೆಗೆದುಕೊಂಡ, ರಸೀದಿ ಹರಿದುಕೊಟ್ಟ.

ಎರಡನೆಯ ವರ್ಷದ ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ಬಿರಾಗೊ ಮೆಕ್ಕೆಜೋಳದ ಕೆಂಕೆ ಕಡುಬು ತರಲು ಹೋಗಿ ಬರುವಷ್ಟರಲ್ಲಿ ಅವಳ ನೀಲಿ ಗೇಟಿನ ಮೇಲೆ ಮೊಳದುದ್ದದ ಕೆಂಪಕ್ಷರ ಬಿದ್ದಿತ್ತು. ವ್ಯಾಪಾರ ನಿಲ್ಲಿಸಿ, ಪರವಾನಗಿ ತೋರಿಸಿ, ನಗರಸಭೆ. ಬಣ್ಣ ಇನ್ನೂ ಕೆಳಗಿಳಿಯುತ್ತಿತ್ತು. ಬಾಕಿದಾರರನ್ನು ಹಿಡಿಯಲು ಹೊಸದಾಗಿ ಕಟ್ಟಿದ ತಂಡವೊಂದು ಬೀದಿಯ ಮೂರು ಮನೆಗೆ ಹೀಗೆ ಬಳಿದು ಪಿಕಪ್ ಹತ್ತಿ ಹೋಗಿತ್ತು. ಬಳಿಸಿಕೊಂಡವರಲ್ಲಿ ಅಸಾಬೆಯಾಳೂ ಒಬ್ಬಳು.

ಅದೇ ದಿನ ಒಂದು ಕುಟುಂಬ ಸತ್ತ ಚಿಕ್ಕಮ್ಮನ ಫೋಟೋ ಹಿಡಿದು ಬಂದು, ಗೇಟು ನೋಡಿ, ಮನೆ ಮೇಲೆ ಕೇಸಿದೆ ಎಂದುಕೊಂಡು ಒಳಗೆ ಬಾರದೆ ಹೋಯಿತು.

ಬಿರಾಗೊ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ನಗರಸಭೆಗೆ ಹೋದಳು. ಅದೇ ಗುಮಾಸ್ತ ದಪ್ಪ ಪುಸ್ತಕ ತಿರುವಿ, ಕಂಪ್ಯೂಟರ್ ನೋಡಿ, ಹೇಳಿದ, "ನಿಮ್ಮ ಅರ್ಜಿ ಇದೆ. ದುಡ್ಡು ಕಟ್ಟಿಲ್ಲ. ಒಂದು ಸಲಾನೂ ಕಟ್ಟಿಲ್ಲ."

"ಇದೇನು ಹಾಗಾದ್ರೆ?" ಎಂದು ಅವಳು ರಸೀದಿ ಎರಡನ್ನೂ ಮೇಜಿನ ಮೇಲೆ ಬಡಿದಳು.

ಪಕ್ಕದಲ್ಲಿ ಔಷಧಿ ಅಂಗಡಿಯವನೊಬ್ಬ ಆಗತಾನೇ ಕೌಂಟರಿನಲ್ಲಿ ಹಣ ಕಟ್ಟಿ ರಸೀದಿ ಮಡಿಸುತ್ತಿದ್ದ. ಬಿರಾಗೊಳ ಕಣ್ಣು ಅವನ ರಸೀದಿಯ ಮೇಲೆ ಬಿತ್ತು, ತನ್ನದರ ಮೇಲೆ ಬಿತ್ತು, ಮತ್ತೆ ಅವನದರ ಮೇಲೆ ಹೋಯಿತು. ಅವಳ ರಸೀದಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಊರಿನ ಹೆಸರಿನಲ್ಲಿ ಒಂದು ಅಕ್ಷರವೇ ಇರಲಿಲ್ಲ. ಅಂಪೊನ್ಸಾಸೊ ಎಂದಿರಬೇಕಾದ ಕಡೆ ಅಪೊನ್ಸಾಸೊ ಎಂದಿತ್ತು. ಹಸಿರು ಹೂಬಳ್ಳಿಯ ಪರವಾನಗಿಯಲ್ಲೂ ಅಷ್ಟೇ.

ಇಪ್ಪತ್ತಾರು ವರ್ಷ ಕರಡು ತಿದ್ದಿದವಳು. ಸತ್ತವರ ಅಮ್ಮಂದಿರ ಹೆಸರಿಗಾಗಿ ಊರವರನ್ನೆಲ್ಲ ಗೋಳಾಡಿಸಿದವಳು. ಎರಡು ವರ್ಷ ಆ ಕಾಗದವನ್ನು ಮನೆಯಲ್ಲಿಟ್ಟುಕೊಂಡು ಒಂದು ಸಲವೂ ಓದಿರಲಿಲ್ಲ. ಯಾಕೆ ಓದಲಿಲ್ಲ ಎಂಬುದು ಅವಳಿಗೆ ಅಲ್ಲೇ, ಆ ಕೌಂಟರಿನ ಮುಂದೆಯೇ ಗೊತ್ತಾಯಿತು. ಅಗ್ಗಕ್ಕೆ ಸಿಕ್ಕಿದ್ದನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಅಜಾರ್ಕೊನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದಾಗಿತ್ತು.

ಗುಮಾಸ್ತ ಅವಳನ್ನು ಒಳಗೆ, ಕಂದಾಯ ವಿಭಾಗದ ಮುಖ್ಯಸ್ಥ ಬಿರಿಕೊರಾಂಗನ ಕೋಣೆಗೆ ಕಳಿಸಿದ. ಆತ ಎರಡೂ ರಸೀದಿಯನ್ನು ನೋಡಿ, ಅಚ್ಚರಿಪಡದೆ, ಮೇಜಿನ ಇನ್ನೊಂದು ಮೂಲೆಗೆ ಸರಿಸಿದ.

"ಅಜಾರ್ಕೊ ಇನ್ನೂ ಚಿಕ್ಕವನು, ಮೇಡಂ. ಹೆಂಡತಿ ಈಗಷ್ಟೇ ಹೆತ್ತಿದ್ದಾಳೆ. ನಾನು ಕರೆದು ಬೈತೀನಿ. ಈ ರಸೀದಿಗಳನ್ನ ಇಲ್ಲೇ ಬಿಟ್ಟುಹೋಗಿ. ನಿಮ್ಮ ಗೇಟಿನ ವಿಷಯ ನಾನು ನೋಡ್ಕೋತೀನಿ."

"ಹೇಗೆ ನೋಡ್ಕೋತೀರಿ?"

"ಈ ವರ್ಷದ್ದು ಮನ್ನಾ ಮಾಡಿಸೋಣ. ಯಾರಿಗೂ ಹೇಳೋದು ಬೇಡ."

ಬಿರಾಗೊ ಎದ್ದು, ಮೇಜಿನ ಮೂಲೆಗೆ ಕೈ ಚಾಚಿ, ರಸೀದಿಗಳನ್ನು ವಾಪಸ್ಸು ಫೈಲಿಗೆ ಹಾಕಿಕೊಂಡಳು. "ನನಗೆ ಮನ್ನಾ ಬೇಡ. ಅಗ್ಗದ್ದು ಒಂದ್ಸಲ ತಿಂದು ನೋಡಾಯ್ತು," ಎಂದು ಹೊರಗೆ ಬಂದಳು.

ದಾರಿಯಲ್ಲೇ ಶಿಕ್ಷಕರ ಸಂಘಕ್ಕೆ ಹೋಗಿ, ತಾನು ಕೊಟ್ಟಿದ್ದ ಪರವಾನಗಿ ನಕಲಿಯೆಂದು ಕಾರ್ಯದರ್ಶಿಗೆ ಹೇಳಿದಳು. ಆತ ತಲೆ ಮೇಲೆ ಕೈ ಹೊತ್ತು ಕೂತ.

"ಅಯ್ಯೋ ಮೇಡಂ, ಇದನ್ನ ಯಾಕಾದ್ರೂ ಹೇಳಿದ್ರಿ? ನಾವು ಅದನ್ನ ನೋಡೇ ಇರ್ಲಿಲ್ಲ. ಆಡಿಟ್‌ನವರೂ ನೋಡಿರ್ಲಿಲ್ಲ. ಈಗ ನೀವು ಬಾಯಿಬಿಟ್ಟು ಹೇಳಿದ ಮೇಲೆ ನಾನು ಕೆಲಸ ನಿಲ್ಲಿಸಲೇಬೇಕಲ್ಲ!"

"ನಿಲ್ಲಿಸಿ," ಎಂದಳು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೆತ್ತ ಹಿಡಿದು ಕಲಿಸಿದ ಮನುಷ್ಯನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮನೆಗೆ ನಡೆದಳು.

ಅಸಾಬೆಯಾ ಹೊಲಿಗೆ ನಿಲ್ಲಿಸಿ ಬೇಲಿಯ ಹತ್ತಿರ ಬಂದಳು. ಬಿರಾಗೊ ಅವಳ ರಸೀದಿಗಳನ್ನೂ ತರಿಸಿ ನೋಡಿದಳು. ಆರು ವರ್ಷದ್ದು, ಆರರಲ್ಲೂ ಅಪೊನ್ಸಾಸೊ.

"ಇವನ್ನ ತಗೊಂಡು ನನ್ನ ಜೊತೆ ಬಾ. ಬರೋ ಗುರುವಾರ ಸಭೆ ಇದೆ, ಮುಂದಿನ ವರ್ಷದ ದರ ನಿಗದಿ ಮಾಡೋಕೆ. ಎಲ್ಲರ ಮುಂದೆ ಕೇಳೋಣ."

"ನಂಗ್ಯಾಕಕ್ಕಾ ಆ ಉಸಾಬರಿ? ನಾಳೆ ಇನ್ನೊಬ್ಬ ಬರ್ತಾನೆ, ಅವನಿಗೂ ಒಂದು ಬಾಟಲಿ ಕೊಟ್ರಾಯ್ತು. ನೀನು ಓದಿದೋಳು, ನಿನಗೆ ನಡೆಯುತ್ತೆ."

"ಓದಿದೋಳೇ ಮೋಸ ಹೋಗಿದ್ದೀನಿ, ಮಾರಾಯ್ತಿ."

"ಹಾಗಾದ್ರೆ ಓದಿ ಏನು ಬಂತು?" ಎಂದು ಅಸಾಬೆಯಾ ನಕ್ಕು, ರಸೀದಿಗಳನ್ನು ಕಿತ್ತುಕೊಂಡು ಒಳಗೆ ಹೋದಳು.

ಗುರುವಾರದ ಸಭೆ ಪುರಭವನದಲ್ಲಿತ್ತು. ವೇದಿಕೆಯ ಮೇಲೆ ಪ್ಲಾಸ್ಟಿಕ್ ಹೂವು, ನೀರಿನ ಬಾಟಲಿ, ಸೂಟು ಹಾಕಿದ ಏಳು ಜನ. ಕೆಳಗೆ ಇನ್ನೂರು ಜನ ವ್ಯಾಪಾರಿಗಳು. ಅವರಲ್ಲಿ ಅರ್ಧ ಮಂದಿ ಬಂದದ್ದು ಕೊನೆಯಲ್ಲಿ ಹಂಚುವ ತಿಂಡಿಗೆ. ಏನಾಗುತ್ತದೋ ನೋಡೋಣವೆಂದು ಅಸಾಬೆಯಾಳೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಿರಿಕೊರಾಂಗ್ ದರಪಟ್ಟಿಯನ್ನು ಒಂದೇ ರಾಗದಲ್ಲಿ ಓದಿ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಬಹುದೆಂದ, ಇರಬಾರದೆಂಬ ದನಿಯಲ್ಲಿ.

ಬಿರಾಗೊ ಎದ್ದು ನಿಂತಳು. ತಾನು ಯಾರು, ಏನು ಕೆಲಸ ಮಾಡುತ್ತೇನೆ, ಅದು ಪಟ್ಟಿಯಲ್ಲಿಲ್ಲದ ಕಾರಣ ತನ್ನನ್ನು ಶವದ ಗಾಡಿಯವರ ಜೊತೆ ಸೇರಿಸಿದ್ದಾರೆ ಎಂದು ಹೇಳಿದಳು. ಜನ ನಕ್ಕರು. ರಸೀದಿಯನ್ನು ಎತ್ತಿಹಿಡಿದು ಅಜಾರ್ಕೊ ತನ್ನಿಂದ ಎರಡು ವರ್ಷ ಹಣ ತೆಗೆದುಕೊಂಡದ್ದನ್ನು, ಊರಿನ ಹೆಸರಿನಲ್ಲಿ ಅಕ್ಷರ ತಪ್ಪಿರುವುದನ್ನು ಹೇಳಿದಾಗ ನಗು ನಿಂತಿತು.

ಬಿರಿಕೊರಾಂಗ್ ಮೈಕಿನ ಹತ್ತಿರ ಬಾಯಿ ತಂದ. "ಮೇಡಂ, ನಿಮಗೆ ಎ ದರ್ಜೆ ಅಂತ ಕೌಂಟರಿನಲ್ಲಿ ಹೇಳಿದ್ರು. ನೀವು ಅವನಿಗೆ ಕೊಟ್ಟಿದ್ದು ಅದರ ಅರ್ಧ. ಅರ್ಧ ಹೇಗಾಯ್ತು ಅಂತ ನೀವ್ಯಾಕೆ ಕೇಳ್ಲಿಲ್ಲ?"

ಅವನು ತುಂಬ ಜಾಣತನದ ಪ್ರಶ್ನೆ ಕೇಳಿದವನಂತೆ ವೇದಿಕೆಯ ಮೇಲಿದ್ದವರ ಕಡೆ ತಿರುಗಿ ನಕ್ಕ. ಬಿರಾಗೊ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಕೇಳ್ಲಿಲ್ಲ. ಅಗ್ಗವಾಗಿತ್ತು, ತಗೊಂಡೆ. ಅದು ನನ್ನ ತಪ್ಪು, ಇನ್ನೂರು ಜನರ ಮುಂದೆ ಹೇಳ್ತಾ ಇದ್ದೀನಿ. ಈಗ ನಿಮ್ಮ ಸರದಿ. ಆ ರಸೀದಿ ಪುಸ್ತಕ ಅಚ್ಚಾಗಿದ್ದೆಲ್ಲಿ? ಆರು ವರ್ಷದಿಂದ ಬೀದಿ ಬೀದಿ ಸುತ್ತಿದ ಪುಸ್ತಕ ನಿಮ್ಮ ಮೇಜಿನ ಮೇಲೆ ಒಂದು ಸಲಾನೂ ಬರ್ಲಿಲ್ವಾ? ಬಂದಿದ್ರೆ ನೀವು ಓದ್ಲಿಲ್ವಾ? ಓದೋಕೆ ಬರುತ್ತೆ ತಾನೇ?"

ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಅವಳು ಸಭೆಯ ಕಡೆ ತಿರುಗಿ, ಇಂಥ ರಸೀದಿ ಇರುವವರು ಕೈಯೆತ್ತಿ ಎಂದಳು. ಒಂದು ಕೈಯೂ ಏಳಲಿಲ್ಲ. ಅಸಾಬೆಯಾ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ಆ ಕ್ಷಣದಲ್ಲಿ ಬಿರಾಗೊಳಿಗೆ ವೇದಿಕೆಯ ಮೇಲಿದ್ದ ಏಳು ಜನಕ್ಕಿಂತ ಕೆಳಗಿದ್ದ ಇನ್ನೂರು ಜನರೇ ಹೆಚ್ಚು ಕೀಳಾಗಿ ಕಂಡರು.

ಆಗ ಬಾಗಿಲ ಹತ್ತಿರ ಕೂತಿದ್ದ ಕೆಂಕೆ ಮಾರುವ ಮುದುಕಿಯೊಬ್ಬಳು ಸೊಂಟದ ಗಂಟು ಬಿಚ್ಚಿ, ಬೆವರಿಗೆ ಮೆತ್ತಗಾದ ಒಂದು ಕಟ್ಟು ಕಾಗದ ತೆಗೆದಳು. "ನಂಗೆ ಓದೋಕೆ ಬರಲ್ಲ, ಮಗಳೇ. ಇದ್ರಲ್ಲಿ ಆ ಅಕ್ಷರ ಐತಾ ನೋಡು," ಎಂದು ಮುಂದಕ್ಕೆ ಕಳಿಸಿದಳು. ಕಟ್ಟು ಕೈಯಿಂದ ಕೈಗೆ ದಾಟಿ ಬಂತು. ಬಿರಾಗೊ ಒಂದೊಂದನ್ನೇ ನೋಡಿ, "ಇಲ್ಲ," "ಇಲ್ಲ," "ಇದ್ರಲ್ಲೂ ಇಲ್ಲ," ಎಂದು ಗಟ್ಟಿಯಾಗಿ ಹೇಳುತ್ತ ಹೋದಳು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಒಬ್ಬ ಟಯರ್ ಅಂಗಡಿಯವನು ಎದ್ದ, ಆಮೇಲೆ ಕೂದಲು ಹೆಣೆಯುವ ಇಬ್ಬರು ಎದ್ದರು. ಗದ್ದಲ ಶುರುವಾಯಿತು. ಅಧ್ಯಕ್ಷರು ಗಡಿಬಿಡಿಯಲ್ಲಿ ತಿಂಡಿ ತರಿಸಿದರು. ತಟ್ಟೆಗಳು ಕಂಡದ್ದೇ ತಡ, ಸಿಟ್ಟಾಗಿದ್ದವರಲ್ಲಿ ಅರ್ಧದಷ್ಟು ಜನ ಸಾಲಿಗೆ ನಿಂತರು.

ತನಿಖೆಯಾಯಿತು ಎಂದು ಹೇಳಿದರು. ಅಜಾರ್ಕೊನನ್ನು ಲಾರಿ ನಿಲ್ದಾಣದ ವಸೂಲಿಗೆ ವರ್ಗ ಮಾಡಿದರು. ಅಲ್ಲಿ ದಿನಕ್ಕೆ ನೂರು ವಾಹನ ಬರುತ್ತವೆ. ಅದು ಶಿಕ್ಷೆಯೋ ಬಡ್ತಿಯೋ ಎಂದು ಊರಿನಲ್ಲಿ ಇನ್ನೂ ಚರ್ಚೆಯಿದೆ. ಬಿರಿಕೊರಾಂಗ್ ಅದೇ ಕುರ್ಚಿಯಲ್ಲಿ ಉಳಿದ. ನಕಲಿ ರಸೀದಿಯ ಹಣವನ್ನು ನಗರಸಭೆ ಒಪ್ಪಲಿಲ್ಲ. ಎಲ್ಲರೂ ಇನ್ನೊಮ್ಮೆ ಕಟ್ಟಬೇಕೆಂದು ಆದೇಶ ಬಂತು. ಅಸಾಬೆಯಾ ಒಂದು ತಿಂಗಳು ಬೇಲಿಯ ಹತ್ತಿರ ಬರಲಿಲ್ಲ. ಬಿರಾಗೊ ಎರಡು ವರ್ಷದ್ದನ್ನೂ ಎ ದರ್ಜೆಯ ಲೆಕ್ಕದಲ್ಲೇ, ಕೌಂಟರಿನಲ್ಲಿ ನಿಂತು ಕಟ್ಟಿದಳು. ಅದಕ್ಕೆ ಅಮ್ಮನ ಕಾಲದ ಒಂದು ಜೊತೆ ಬಂಗಾರದ ಓಲೆ ಹೋಯಿತು. ಗುಮಾಸ್ತ ಕೊಟ್ಟ ರಸೀದಿಯನ್ನು ಅಲ್ಲೇ ಕನ್ನಡಕ ಹಾಕಿಕೊಂಡು, ಸರದಿಯಲ್ಲಿದ್ದವರು ಗೊಣಗುವಷ್ಟು ನಿಧಾನವಾಗಿ, ಮೊದಲಿಂದ ಕೊನೆಯ ತನಕ ಓದಿದಳು. ಗೇಟಿನ ಕೆಂಪಕ್ಷರ ಅಳಿಸಿಕೊಡಿ ಎಂದರೆ ಅದಕ್ಕೆ ಬೇರೆ ಅರ್ಜಿ ಕೊಡಬೇಕೆಂದರು. ತಾನೇ ಒಂದು ಡಬ್ಬಿ ನೀಲಿ ಬಣ್ಣ ತಂದು ಬಳಿದಳು.

ಹೊಸ ವರ್ಷದ ದರಪಟ್ಟಿಯಲ್ಲಿ, ಬಸವನಹುಳು ಮಾರುವವರ ಕೆಳಗೆ, ಒಂದು ಹೊಸ ಸಾಲು ಸೇರಿತ್ತು: ಮೃತರ ಚರಿತ್ರೆ ಬರೆಯುವವರು, ಮನೆಯಿಂದ. ಶುಲ್ಕ ಎ ದರ್ಜೆಯ ಹತ್ತರಲ್ಲಿ ಒಂದು ಭಾಗ. ಅವಳು ಅದನ್ನು ಕಟ್ಟಿ ಅಸಲಿ ಪರವಾನಗಿ ಪಡೆದಳು. ಶಿಕ್ಷಕರ ಸಂಘ ಅಷ್ಟರಲ್ಲಿ ಕೆಲಸವನ್ನು ಕಾರ್ಯದರ್ಶಿಯ ನಾದಿನಿಗೆ ಕೊಟ್ಟಾಗಿತ್ತು. ಆಕೆಗೆ ಪರವಾನಗಿ ಇತ್ತೋ ಇಲ್ಲವೋ, ಯಾರೂ ನೋಡಲಿಲ್ಲ.

ಫೆಬ್ರವರಿಯಲ್ಲಿ ಟೀಚರ್ ಅಮ್ಮೊ ಬಂದರು. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯರು. ಊರಿನ ಇನ್ನೊಂದು ತುದಿಯಲ್ಲಿ ಅವರೂ ಸತ್ತವರ ಬಗ್ಗೆ ಬರೆಯುತ್ತಿದ್ದರು, ಬೈಬಲಿನ ಸಾಲುಗಳನ್ನು ತುರುಕಿ ಪುಟ ತುಂಬಿಸುತ್ತಿದ್ದರು. ಅವರ ಕೈಯಲ್ಲಿ ನಗರಸಭೆಯ ನೋಟಿಸಿತ್ತು.

"ನೋಡಿ, ಮೇಡಂ ಬಿರಾಗೊ! ಇಪ್ಪತ್ತು ವರ್ಷದಿಂದ ಬರೀತಿದ್ದೀನಿ. ನಾನು ಅಂತ ಒಬ್ಬ ಇದ್ದೀನಿ ಅನ್ನೋದೇ ಅವರಿಗೆ ಗೊತ್ತಿರ್ಲಿಲ್ಲ. ನೀವು ಸಭೇಲಿ ಎದ್ದು ಕಿರುಚಿದ್ರಿ, ಈಗ ನಮಗೆಲ್ಲ ಒಂದು ಸಾಲು ಹುಟ್ಕೊಂಡಿದೆ. ಸುಮ್ನೆ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಕೂತ್ಕೊಳ್ಳಿ, ಮಾಸ್ಟರ್. ನೀರು ತರ್ತೀನಿ."

"ನೀರು ಬೇಡ. ನನಗೆ ಪಿಂಚಣಿ ಬರುತ್ತೆ, ಅದರ ಮೇಲೆ ಇದೊಂದು ಕೈಖರ್ಚು. ಇದಕ್ಕೂ ತೆರಿಗೆಯಾ? ಇದಕ್ಕೂ ಲೈಸೆನ್ಸಾ? ಹೆಣದ ಮೇಲಿನ ಕಾಸು!"

"ತಗೊಳ್ಳುವಾಗ ಹೆಣದ ಕಾಸು ಅನ್ನಿಸ್ಲಿಲ್ವಾ?"

ಬಿರಾಗೊಳಿಗೆ ಅವರ ಮೇಲೆ ಅಯ್ಯೋ ಅನಿಸಬೇಕಿತ್ತು, ಅನಿಸಲಿಲ್ಲ. ಆದರೂ ನೋಟಿಸನ್ನು ಅವರ ಕೈಯಿಂದ ತೆಗೆದುಕೊಂಡು ಓದಿ, ಎರಡನೆಯ ಕೌಂಟರಿಗೆ ಹೋಗಬೇಕು, ಹನ್ನೊಂದರ ಮೇಲೆ ಹೋದರೆ ಗುಮಾಸ್ತ ಇರುವುದಿಲ್ಲ, ಗುರುತಿನ ಚೀಟಿ ಜೊತೆಗಿರಲಿ ಎಂದು ಹೇಳಿದಳು. ಯಾರಾದರೂ ಮನೆಗೆ ಬಂದು ಕಮ್ಮಿ ಮಾಡಿಕೊಡುತ್ತೇನೆಂದರೆ ಬಾಗಿಲು ಹಾಕಿಕೊಳ್ಳಿ ಎಂದಳು.

"ಎಷ್ಟು ಕಮ್ಮಿ ಮಾಡ್ತಾರಂತೆ?" ಎಂದು ಟೀಚರ್ ಅಮ್ಮೊ ತಗ್ಗಿದ ದನಿಯಲ್ಲಿ ಕೇಳಿದರು.

ಬಿರಾಗೊ ನೋಟಿಸನ್ನು ಮಡಿಸಿ ಅವರ ಅಂಗಿಯ ಜೇಬಿಗಿಟ್ಟಳು. ಅವರು ಹೊರಟಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಹಿಂದಿನ ವಾರ ಸತ್ತ ಮರದ ವ್ಯಾಪಾರಿಯೊಬ್ಬನ ಬಗ್ಗೆ ಅವನ ಮಕ್ಕಳ ನುಡಿನಮನ ಅರ್ಧಕ್ಕೆ ನಿಂತಿತ್ತು. ಪ್ರಾಮಾಣಿಕ ಎಂಬ ಪದ ಎರಡು ಕಡೆ ಬಂದಿತ್ತು. ಒಂದನ್ನು ಅಳಿಸಿದಳು. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಅಳಿಸಿ, ಆ ಜಾಗದಲ್ಲಿ ಸಮಯಕ್ಕೆ ಸರಿಯಾಗಿ ಏಳುತ್ತಿದ್ದರು ಎಂದು ಬರೆದಳು.